ಒಕ್ಕಣ್ಣಿನ ಕುರಿಮರಿ, ಹಣ್ಣುನೊಣದ ಜೀನು
1950ರ ದಶಕದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಕುರಿಗಾರರಿಗೆ ದಿಗಿಲು ಹುಟ್ಟಿತ್ತು. ಮುಖದ ನಟ್ಟನಡುವೆ ಒಂದೇ ಕಣ್ಣಿರುವ ಮರಿಗಳು ಹುಟ್ಟುತ್ತಿದ್ದವು. ಗಬ್ಬದ 14ನೆಯ ದಿನದ ಸುಮಾರಿಗೆ ತಾಯಿಕುರಿ ಮೇಯ್ದ ಕಾಡುಗಿಡವೊಂದರ ವಿಷ ಅದಕ್ಕೆ ಕಾರಣವಾಗಿತ್ತು. ಆ ವಿಷ ‘ಸೋನಿಕ್ ಹೆಡ್ಜ್‌ಹಾಗ್’ ಜೀನಿನ ಸಂಕೇತವನ್ನು ತಡೆಯುತ್ತದೆಂದು ತಿಳಿದದ್ದು 1990ರ ದಶಕದಲ್ಲಿ. (ಹೆಸರು ವಿಡಿಯೊ ಗೇಮ್ ಪಾತ್ರದ್ದು, ವಿಜ್ಞಾನಿಗಳೂ ತುಂಟರೇ.)

ಭ್ರೂಣದ ಬೆನ್ನುದ್ದಕ್ಕೂ ರೂಪುಗೊಳ್ಳುವ ನರಕೊಳವೆಯ ತಳದಿಂದ ಈ ಜೀನಿನ ಪ್ರೋಟೀನು ಮೇಲಕ್ಕೆ ಹರಡುತ್ತದೆ. ಅದು ದಟ್ಟವಾಗಿರುವೆಡೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಹುಟ್ಟುತ್ತವೆ. ತೆಳುವಾದಲ್ಲಿ ಬೇರೆ ಬಗೆಯವು. ಮೇಲ್ಬದಿಯಿಂದ ಬರುವ ಇನ್ನೊಂದು ಗುಂಪಿನ ಪ್ರೋಟೀನುಗಳು ಇದಕ್ಕೆ ಎದುರಾಗಿ ನಿಲ್ಲುತ್ತವೆ. ಎರಡರ ಪ್ರಮಾಣ ನೋಡಿಕೊಂಡೇ ಪ್ರತಿ ಕೋಶ ತನ್ನ ಪಾತ್ರ ಹಿಡಿಯುತ್ತದೆ. 1996ರಲ್ಲಿ ಇಲಿಗಳಲ್ಲಿ ಈ ಜೀನನ್ನು ಕೆಡಿಸಿ ನೋಡಿದರು: ಮುಮ್ಮೆದುಳು ಎರಡು ಹೋಳಾಗಲೇ ಇಲ್ಲ, ಕಣ್ಣೂ ಒಂದೇ.

ಈ ಜೀನಿನ ಕುಟುಂಬದ ಮೊದಲ ಸುಳಿವು ಸಿಕ್ಕಿದ್ದು ಹಣ್ಣುನೊಣದಲ್ಲಿ, 1980ರಲ್ಲಿ. ನೊಣ ಸಾಕಲು ಸರ್ಕಾರದ ದುಡ್ಡೇಕೆ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಇದೇ ಸಂಕೇತವನ್ನು ತಡೆಯುವ ಮಾತ್ರೆ ಈಗ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಗರ್ಭಿಣಿಯರು ಮಾತ್ರ ಅದನ್ನು ನುಂಗುವಂತಿಲ್ಲ.