ಶಬ್ದ ಚಿಂತನ: ಮೌನಕ್ಕೆ ಎಷ್ಟು ಹೆಸರು?



ಕಳೆದ ಶ್ರಾವಣದಲ್ಲಿ ಪುರಾಣ ಪ್ರವಚನದ ನಿಮಿತ್ತ ನವಲಗುಂದ ತಾಲೂಕಿನ ಒಂದು ಗ್ರಾಮಕ್ಕೆ ನಾವು ಹೋಗಿದ್ದೆವು. ಪ್ರಸಾದವಾದ ಮೇಲೆ ಆ ಮನೆಯ ಮೊಮ್ಮಗನು ತನ್ನ ಇಂಗ್ಲಿಷ್ ಪುಸ್ತಕವನ್ನು ಹಿಡಿದುಕೊಂಡು ಬಂದು, "ಅಜ್ಜಾರ, 'ಕೀಪ್ ಮಮ್' ಅಂದ್ರ ಅವ್ವನ್ನ ಇಟ್ಕೋ ಅಂತೇನ್ರಿ?" ಎಂದು ಕೇಳಿದನು. ನೆರೆದವರೆಲ್ಲ ನಕ್ಕರು. ನಾವೂ ನಕ್ಕು, ಸುಮ್ಮನಿರು ಎಂಬುದೇ ಅದರ ಅರ್ಥವೆಂದು ತಿಳಿಸಿದೆವು. ತುಟಿ ಮುಚ್ಚಿದಾಗ ಹೊರಡುವ 'ಮ್' ಎಂಬ ಧ್ವನಿಯೇ ಅಲ್ಲಿ ಶಬ್ದವಾಗಿದೆ. ನಮ್ಮ 'ಸುಮ್ಮನೆ', 'ಬಿಮ್ಮನೆ' ಎಂಬ ಮಾತುಗಳನ್ನಾಡುವಾಗಲೂ ತುಟಿಗಳು ಒಮ್ಮೆ ಕೂಡುತ್ತವೆ. ನಮ್ಮ ಸೀಮೆಯ ತಾಯಂದಿರು ಮಕ್ಕಳನ್ನು ಗದರಿಸುವ 'ಗಪ್ಪ ಕುಂದರು' ಎಂಬ ಮಾತಿನ 'ಗಪ್ಪ' ಮರಾಠಿಯಲ್ಲಿಯೂ ಉಂಟು. ಅಲ್ಲಿಯೂ ತುಟಿ ಮುಚ್ಚಲೇಬೇಕು.

ಇಂಗ್ಲಿಷು ನಮಗೆ ಮಠದ ಪಾಠಶಾಲೆಯಲ್ಲಿ ದೊರೆತ ವಿದ್ಯೆಯಲ್ಲ. ವ್ಯಾಕರಣ, ತರ್ಕ, ವಚನಶಾಸ್ತ್ರಗಳ ಅಧ್ಯಯನ ಮುಗಿದ ತರುವಾಯ ಮಠದ ಗ್ರಂಥಭಾಂಡಾರದಲ್ಲಿದ್ದ ರೆವರೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ಕೋಶವನ್ನು ತಿರುವಿ ತಿರುವಿ ಕಲಿತದ್ದು. ಜರ್ಮನ್ ಮನೆಮಾತಿನ ಆ ಮಹನೀಯರು 1853ರಲ್ಲಿ ಈ ದೇಶಕ್ಕೆ ಬಂದರು. ಕೋಶವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಆದುದರಿಂದ ನಾವು ಬಲ್ಲ ಇಂಗ್ಲಿಷು ನೂರು ವರ್ಷಕ್ಕೂ ಹಿಂದಿನದು. ಕಾಲೇಜಿನ ಹುಡುಗರು ಅದನ್ನು ಕೇಳಿ ಮುಸಿಮುಸಿ ನಗುವುದನ್ನು ಬಲ್ಲೆವು.

ಆ ಹಳೆಯ ಇಂಗ್ಲಿಷಿನಲ್ಲಿ ಮಾತನಾಡದಿರುವುದಕ್ಕೆ ಹೆಸರುಗಳು ಬಹಳ. 'ವಿಸ್ಟ್' ಎಂದರೆ ಸದ್ದು ಮಾಡಬೇಡ ಎಂದರ್ಥ. ಆ ಹೆಸರಿನ ಇಸ್ಪೀಟಿನ ಆಟವೂ ಒಂದುಂಟು. ನಮ್ಮೂರ ಕಟ್ಟೆಯ ಮೇಲೆ ಆಡುವವರು ಇದನ್ನು ತಿಳಿದರೆ ಒಳ್ಳೆಯದು. ಮಾತು ಬಲ್ಲವನಾದರೂ ಮಿತವಾಗಿ ಆಡುವವನು 'ಟ್ಯಾಸಿಟರ್ನ್'. ಬಾಯಿಂದ ಹೇಳದೆಯೇ ತಿಳಿದುಕೊಳ್ಳತಕ್ಕದ್ದು 'ಟ್ಯಾಸಿಟ್'. ಎರಡೂ ಒಂದೇ ಲ್ಯಾಟಿನ್ ಧಾತುವಿನ ಮಕ್ಕಳು. ಮಾತು ಬಾರದವನನ್ನು 'ಡಂಬ್' ಎನ್ನುತ್ತಿದ್ದರು. ಕ್ರಮೇಣ ಆ ಶಬ್ದಕ್ಕೆ ದಡ್ಡನೆಂಬ ಅರ್ಥ ಅಂಟಿಕೊಂಡಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆ ಮಾತಿನ ಬದಲು ವಾಕ್ ಮತ್ತು ಭಾಷಾ ವೈಕಲ್ಯವೆಂಬ ಹೆಸರಿದೆ. ನಮ್ಮ ಮನೆಗಳಲ್ಲಿ 'ಮೂಗ' ಎಂಬ ಬೈಗುಳ ಇನ್ನೂ ನಿಂತಿಲ್ಲ.

ಕನ್ನಡದಲ್ಲೊಂದು ವಿಚಿತ್ರವುಂಟು. ಸಂಸ್ಕೃತದ ಮುನಿಯ ಭಾವವೇ ಮೌನ. ಅಚ್ಚಗನ್ನಡದ 'ಮುನಿ' ಎಂದರೆ ಸಿಟ್ಟಾಗು, ಅದರಿಂದ ಮುನಿಸು. ಧಾತುಗಳು ಬೇರೆ, ಉಚ್ಚಾರ ಒಂದೇ. ಪಡಸಾಲೆಯಲ್ಲಿ ಸುಮ್ಮನೆ ಕುಳಿತ ಸೊಸೆಯದು ಮೌನವೋ ಮುನಿಸೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಬಲ್ಲವರು ಯಾರು?

ನಾವು ಹೇಳಲು ಹೋಗಿ ಕೆಟ್ಟೆವು. ಸುಮಾರು 30 ವರ್ಷಗಳ ಹಿಂದೆ ಕುಂದಗೋಳ ತಾಲೂಕಿನ ಒಂದು ಸದ್ಭಕ್ತರ ಮನೆಯಲ್ಲಿ ಹೆಣ್ಣು ನೋಡುವ ಕಾರ್ಯಕ್ಕೆ ನಮ್ಮನ್ನು ಕರೆದಿದ್ದರು. ಹಿರಿಯರು ಕೇಳಿದರು, "ಏನವಾ, ಒಪ್ಪಿಗಿ ಐತೇನು?" ಹುಡುಗಿ ನೆಲ ನೋಡುತ್ತ ಕುಳಿತಳು. ಆಗ ನಾವು, ಮೌನವೇ ಸಮ್ಮತಿಯ ಲಕ್ಷಣವೆಂಬ ಸಂಸ್ಕೃತ ನುಡಿಯನ್ನು ಬಹು ಗಂಭೀರವಾಗಿ ಉಚ್ಚರಿಸಿದೆವು. ಸಕ್ಕರೆ ಹಂಚಿದರು. ನಾಲ್ಕು ವರ್ಷಗಳಲ್ಲಿ ಆಕೆ ಕೂಸನ್ನು ಕಟ್ಟಿಕೊಂಡು ತವರಿಗೆ ಮರಳಿದಳು. ಅಣ್ಣಿಗೇರಿಯ ಜಾತ್ರೆಯಲ್ಲಿ ಒಮ್ಮೆ ಎದುರಾಗಿ ನಮಸ್ಕರಿಸಿದಳು. "ಅವತ್ತ ನನ್ನ ಗಂಟಲಾಗ ಮಾತು ಇತ್ತರಿ ಅಜ್ಜಾರ. ನೀವು ನಮ್ಮಪ್ಪನ ಮುಖಾ ನೋಡಿದ್ರಿ, ನನ್ನ ಮುಖಾ ನೋಡಲಿಲ್ಲ" ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸುವ ಪ್ರಸಂಗವನ್ನು ಎಷ್ಟು ಊರುಗಳಲ್ಲಿ ವಿವರಿಸಿದ್ದೆವೋ ಲೆಕ್ಕವಿಲ್ಲ. ಆ ದಿನ ಅದು ನೆನಪಿಗೆ ಬರಲಿಲ್ಲ.

ಬಹಳ ವರ್ಷಗಳ ಮೇಲೆ ವಕೀಲ ಭಕ್ತರೊಬ್ಬರಿಂದ ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯನ್ನು ಕೇಳಿ ತಿಳಿದೆವು. ಘೋರ ಅಪರಾಧದ ಆರೋಪಿಯು ತಪ್ಪು ಮಾಡಿದೆನೆಂದಾಗಲಿ ಇಲ್ಲವೆಂದಾಗಲಿ ಹೇಳದೆ ನಿಂತರೆ ಅವನನ್ನು 'ಮ್ಯೂಟ್' ಎಂದು ಬರೆದುಕೊಳ್ಳುತ್ತಿದ್ದರು. ಆ ಮೇಲೆ ಪಂಚರನ್ನು ಕೂಡಿಸಿ ಒಂದೇ ವಿಷಯವನ್ನು ವಿಚಾರಿಸುತ್ತಿದ್ದರು: ಇವನ ಮೌನ ಹಟದಿಂದ ಬಂದದ್ದೋ, ದೈವದತ್ತವಾದದ್ದೋ? ಹಟವೆಂದು ತೀರ್ಮಾನವಾದರೆ ಎದೆಯ ಮೇಲೆ ಭಾರ ಹೇರುವ ಕ್ರೂರ ಶಿಕ್ಷೆ, ಸತ್ತವರೂ ಉಂಟು. ಅದು 1772ರಲ್ಲಿ ನಿಂತಿತು. ಆದರೆ ಅಲ್ಲಿಂದ ಮುಂದೆ ಅಂತಹ ಮೌನವನ್ನು ತಪ್ಪೊಪ್ಪಿಗೆಯೆಂದೇ ಎಣಿಸತೊಡಗಿದರು. 1827ರ ಕಾಯಿದೆ ಇದನ್ನು ತಿರುವು ಮುರುವು ಮಾಡಿತು: ಸುಮ್ಮನಿದ್ದವನು ಅಪರಾಧವನ್ನು ಅಲ್ಲಗಳೆದನೆಂದು ದಾಖಲಿಸಬೇಕಾಯಿತು. ಮೌನ ಅದೇ, ನಿನ್ನೆ ಒಪ್ಪಿಗೆ, ಇಂದು ನಿರಾಕರಣೆ. ನಮ್ಮ ಸಂವಿಧಾನದ 20ನೆಯ ಅನುಚ್ಛೇದವೂ ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಬಾರದೆನ್ನುತ್ತದೆ. ಕಳ್ಳನ ಮೌನಕ್ಕೆ ನ್ಯಾಯಾಲಯದಲ್ಲಿ ಇಷ್ಟು ವಿಚಾರಣೆ. ಪಡಸಾಲೆಯಲ್ಲಿ ಕುಳಿತ ಮಗಳ ಮೌನಕ್ಕೆ ನಾವು ಒಂದು ನುಡಿಯಲ್ಲಿ ತೀರ್ಪು ಕೊಟ್ಟೆವು.

ಈ ವರ್ಷ ವೈಶಾಖದಲ್ಲಿ ಕಲಘಟಗಿ ಕಡೆಯ ಒಂದು ಮನೆಯಿಂದ ಮತ್ತೆ ಅಂತಹದೇ ಕರೆ ಬಂದಿತು. ಸಕ್ಕರೆ ಹಂಚುವ ಮುನ್ನ ಹುಡುಗಿಯನ್ನು ಅವಳ ಅಜ್ಜಿಯೊಡನೆ ಒಳಕೋಣೆಯಲ್ಲಿ ಕೂಡಿಸಿ ನಾವೇ ಕೇಳಿದೆವು. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಳು. ನಾವು ಕಾದೆವು. ಹೊರಗೆ ಬೀಗರ ಚಹಾ ಆರಿತು. ಕಡೆಗೆ, "ಹುಡುಗ ಚಲೋ ಇದ್ದಾರ್ರಿ ಅಜ್ಜಾರ. ಆದ್ರ ನಂದು ಬಿ.ಎಡ್. ಇನ್ನೂ ಒಂದು ವರ್ಷ ಐತ್ರಿ. ಅಲ್ಲೀತನಕ ತಡೀತಾರೇನು ಕೇಳ್ರಿ" ಎಂದಳು. ಹೊರಗೆ ಬಂದು ಅವಳ ಮಾತನ್ನು ಹಾಗೆಯೇ ಒಪ್ಪಿಸಿದೆವು. ಗಂಡಿನ ತಂದೆ ಏನೂ ಆಡದೆ ಕುಳಿತರು. ಅದು ಯಾವ ಬಗೆಯ ಮೌನವೆಂದು ಅವರನ್ನೂ ಕೇಳಿದೆವು. ಅವರು ನಕ್ಕು, ಆಗಲಿ ಎಂದರು.