ಅಪ್ಪ ಏನ್ ಮಾಡ್ತಾರೆ?

ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ವಿ. ಆರು ತಿಂಗಳು ಆನ್‌ಸೈಟ್ ಅಂತ ಇಂಗ್ಲೆಂಡಿಗೆ ಹೋಗಿಬಂದ ಗೆಳೆಯನೊಬ್ಬ ಅನ್ನ-ಸಾರು ಕಲಸುತ್ತಾ ಅಪ್ಪಣೆ ಕೊಡಿಸಿದ: "ಏನೇ ಹೇಳು ಗುರೂ, ಆ ಜನ ನಮ್ಮ ಥರ ಯಾವ ಜಾತಿ, ಯಾರ ಮಗಳು ಅಂತ ಕೇಳ್ದೋರಲ್ಲ. ನೂರು ವರ್ಷದ ಹಿಂದೇನೇ ಹೆಣ್ಮಕ್ಕಳಿಗೆ ಬೋರ್ಡಿಂಗ್ ಸ್ಕೂಲು, ಹಾಕಿ, ಲ್ಯಾಟಿನ್ನು... ಎಲ್ರಿಗೂ ಒಂದೇ ಯೂನಿಫಾರ್ಮು!" ಟೇಬಲ್ಲಿನಲ್ಲಿದ್ದ ಉಳಿದವರೂ ತಲೆಯಾಡಿಸಿದರು. ನನಗೆ ಮೊಸರನ್ನ ಗಂಟಲಲ್ಲಿ ಇಳಿಯಲಿಲ್ಲ.

ತಪ್ಪು ಅವನೊಬ್ಬನದಲ್ಲ ಬಿಡಿ. ನಾವೆಲ್ಲ ಎನಿಡ್ ಬ್ಲೈಟನ್ ಓದಿ ಹಾಳಾದವರು. ನಾನೂ ಅಕ್ಕನ ಮಾಲೋರಿ ಟವರ್ಸ್ ಪುಸ್ತಕಗಳನ್ನ ಕದ್ದು ಓದಿದವನೇ. ಮಧ್ಯರಾತ್ರಿ ಕದ್ದು ತಿನ್ನೋ ಕೇಕು, ಸಮುದ್ರದ ಪಕ್ಕದ ಈಜುಕೊಳ, ಎಲ್ಲ ಇತ್ತು. ಫೀಸು ಯಾರು ಕಟ್ಟಿದ್ರು, ಆ ದುಡ್ಡು ಎಲ್ಲಿಂದ ಬಂತು ಅನ್ನೋದು ಮಾತ್ರ ಹೆಚ್ಚು ಕಮ್ಮಿ ಬರೋದೇ ಇಲ್ಲ. ಅದಕ್ಕೇ ನಮಗೆ ಅಷ್ಟು ಚೆನ್ನಾಗಿ ಕಂಡಿದ್ದು ಅನ್ಸುತ್ತೆ.

ನಾನು ಹೇಳೋದು ಇಷ್ಟೇ. ಆ ಶಾಲೆಗಳ ನಿಜವಾದ ಎಂಟ್ರೆನ್ಸ್ ಪರೀಕ್ಷೆ ಒಂದೇ ಪ್ರಶ್ನೆಯದ್ದು: ಅಪ್ಪ ಏನ್ ಮಾಡ್ತಾರೆ?

ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜನ್ನೇ ತಗೊಳ್ಳಿ. ಹೆಸರಿಗೆ ಕಾಲೇಜು, ಇರೋದು ಶಾಲೆ. 1853ರಲ್ಲಿ ಸ್ಥಾಪನೆಯಾಯಿತು. 1858ರಿಂದ 1906ರಲ್ಲಿ ಸಾಯುವ ತನಕ ಅದನ್ನ ನಡೆಸಿದವರು ಡೊರೊಥಿಯಾ ಬೀಲ್. ಹೆಣ್ಣುಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಲೇಬೇಕು ಅಂತ ಹಟ ಹಿಡಿದ ದೊಡ್ಡ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ 1860ರ ದಶಕದಲ್ಲಿ ಸರ್ಕಾರಿ ಆಯೋಗ ವಿಚಾರಿಸಿದಾಗ ಅದೇ ಬೀಲ್ ಕೊಟ್ಟ ಉತ್ತರ ಏನು? ಸ್ವಂತ ವರಮಾನದ ಗೃಹಸ್ಥರು ಮತ್ತು ವಕೀಲ, ಡಾಕ್ಟರರಂಥ ವೃತ್ತಿಯವರು, ಇವರ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಅಂತ. ಅಂಗಡಿಯವನ ಮಗಳಿಗೆ ಬಾಗಿಲಿಲ್ಲ. ಅವನ ಹತ್ರ ದುಡ್ಡಿದ್ರೂ ಇಲ್ಲ! ಇದು ಬರೀ ದುಡ್ಡಿನ ವಿಷಯ ಆಗಿದ್ರೆ ನಾನಿದನ್ನ ಬರೀತಾನೇ ಇರಲಿಲ್ಲ. ಕೌಂಟರ್ ಹಿಂದೆ ನಿಂತು ಸಾಮಾನು ತೂಗುವ ಕೈ ಮೈಲಿಗೆ, ಅಷ್ಟೇ. ಇದಕ್ಕೆ ನೀವು ಯಾವ ಪದ ಬಳಸ್ತೀರೋ ನೀವೇ ಹೇಳಿ.

ಹಾಗಾದ್ರೆ ಲಾರ್ಡುಗಳ ಮಕ್ಕಳೇ ತುಂಬಿದ್ರಾ? ಅದೂ ಇಲ್ಲ. ಬಹಳ ದೊಡ್ಡವರು ಹೆಣ್ಣುಮಕ್ಕಳನ್ನ ಶಾಲೆಗೇ ಕಳಿಸುತ್ತಿರಲಿಲ್ಲ, ಮನೆಗೇ ಗವರ್ನೆಸ್ ಬರೋಳು. ಲಾರ್ಡ್ ರೀಡ್ಸ್‌ಡೇಲ್‌ನ ಆರು ಹೆಣ್ಣುಮಕ್ಕಳು, ಅಂದ್ರೆ ಮಿಟ್‌ಫರ್ಡ್ ಸೋದರಿಯರು, ಕಲಿತಿದ್ದು ಬಹುಪಾಲು ಮನೆಯಲ್ಲೇ. ಈಟನ್ನಿಗೆ ಹೋಗಿದ್ದು ಇದ್ದ ಒಬ್ಬ ಗಂಡುಮಗ. ಬೋರ್ಡಿಂಗಿಗೆ ಬಂದವರು ಪಾದ್ರಿ, ಡಾಕ್ಟರು, ವಕೀಲ, ಸೈನ್ಯಾಧಿಕಾರಿ, ಇಂಡಿಯಾದಲ್ಲಿದ್ದ ಸಾಹೇಬ ಇವರ ಮಕ್ಕಳು. ಮೇಲೂ ಅಲ್ಲ, ಕೆಳಗೂ ಅಲ್ಲ. ಹಾಗಾಗಿ ಕೆಳಗೆ ಜಾರಿಬಿಟ್ಟೇವು ಅನ್ನೋ ಭಯ ಇವರಿಗೇ ಜಾಸ್ತಿ.

ಲಂಡನ್ನಿನ ರೋಹ್ಯಾಂಪ್ಟನ್ನಿನಲ್ಲಿ ಸೇಕ್ರೆಡ್ ಹಾರ್ಟ್ ಕಾನ್ವೆಂಟ್ ಅಂತ ಒಂದು ಕ್ಯಾಥೊಲಿಕ್ ಬೋರ್ಡಿಂಗ್ ಇತ್ತು. 1908ರಲ್ಲಿ ಅಲ್ಲಿಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಅಪ್ಪ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಮೇಷ್ಟ್ರು, ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ ಕ್ಯಾಥೊಲಿಕ್ ಆದವರು. ಮುಂದೆ ಆಂಟೋನಿಯಾ ವೈಟ್ ಅನ್ನೋ ಹೆಸರಿನಲ್ಲಿ ಅವಳು ಬರೆದ 'ಫ್ರಾಸ್ಟ್ ಇನ್ ಮೇ' (1933) ಕಾದಂಬರಿ ಆ ಶಾಲೆಯದೇ ಕತೆ. ಸುತ್ತ ಯುರೋಪಿನ ಹಳೇ ಕ್ಯಾಥೊಲಿಕ್ ಮನೆತನಗಳ ಹುಡುಗಿಯರು, ನಡುವೆ ಮೇಷ್ಟ್ರ ಮಗಳು. ಧರ್ಮವೂ ಹೊಸದು, ಮನೆತನವೂ ಸಾಲದು. ಯೂನಿಫಾರ್ಮ್ ಎಲ್ಲರದ್ದೂ ಒಂದೇ ಇತ್ತು, ನಿಜ :-)

ಅದೇ ಶಾಲೆಗೆ 1920ರಲ್ಲಿ ಬಂದ ಇನ್ನೊಬ್ಬಳ ಕತೆ ನನ್ನನ್ನ ಹೆಚ್ಚು ಕಾಡಿದ್ದು. ಹುಟ್ಟಿದ್ದು 1913ರಲ್ಲಿ, ಡಾರ್ಜಿಲಿಂಗಿನಲ್ಲಿ. ಅಪ್ಪ ಅರ್ನೆಸ್ಟ್ ಹಾರ್ಟ್ಲಿ ಕಲ್ಕತ್ತೆಯಲ್ಲಿ ಬ್ರೋಕರ್, ಯುದ್ಧದ ಸಮಯದಲ್ಲಿ ಅಶ್ವದಳದ ಅಧಿಕಾರಿಯಾಗಿ 1917ರಲ್ಲಿ ನಮ್ಮ ಬೆಂಗಳೂರಿಗೇ ಬಂದವರು. ತಾಯಿ ಮಗಳು ಊಟಿಯಲ್ಲಿದ್ದರು. ಮಗಳಿಗೆ ಆರು ವರ್ಷವಾದಾಗ ಹಡಗು ಹತ್ತಿಸಿ ರೋಹ್ಯಾಂಪ್ಟನ್ನಿಗೆ ತಂದು ಬಿಟ್ಟರು. ಇಡೀ ಶಾಲೆಗೆ ಅವಳೇ ಚಿಕ್ಕವಳು. ಪಾಪ ಅಂತ ಸನ್ಯಾಸಿನಿಯರು ಒಂದು ಬೆಕ್ಕಿನ ಮರಿ ಇಟ್ಟುಕೊಳ್ಳೋಕೆ ಬಿಟ್ಟರಂತೆ. ನೀವು ಅವಳನ್ನ ನೋಡಿರ್ತೀರಿ, 'ಗಾನ್ ವಿತ್ ದ ವಿಂಡ್' (1939) ಸಿನಿಮಾದ ನಾಯಕಿ ವಿವಿಯನ್ ಲೀ.

ಆರು ವರ್ಷದ ಮಗುವನ್ನ ಯಾಕೆ ಕಳಿಸಬೇಕು? ಬಿಸಿಲು, ಕಾಲರಾ ಅಂತ ಕಾರಣ ಕೊಡೋರು. ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಮಗು ದಿನವಿಡೀ ಆಯಾ ಜೊತೆ ಇದ್ದು ಮೊದಲು ಕಲಿಯುತ್ತಿದ್ದದ್ದು ಇಲ್ಲಿಯ ಮಾತು. ಇಂಗ್ಲಿಷಿಗೂ ಇಲ್ಲಿಯ ರಾಗ ಅಂಟಿಕೊಂಡರೆ? ಅದಕ್ಕೆ ಅವರು ಇಟ್ಟ ಹೆಸರು 'ಚೀ ಚೀ' ಆಕ್ಸೆಂಟ್. ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲೂ ಇದೆ. ನಾವು ಕೊಳಕು ಕಂಡಾಗ ಅನ್ನೋ 'ಛೀ'ಯೇ ಇರಬೇಕು. ಇಂಗ್ಲೆಂಡಿಗೆ ಕಳಿಸೋಕೆ ದುಡ್ಡು ಸಾಲದವರು ಇಲ್ಲೇ ಬೆಟ್ಟದ ಮೇಲಿನ ಶಾಲೆಗಳಿಗೆ ಹಾಕೋರು. ಆ ಮಕ್ಕಳಿಗೆ 'ಕಂಟ್ರಿ ಬ್ರೆಡ್' ಅನ್ನೋ ಹಣೆಪಟ್ಟಿ, ಬಿಳಿಯರಾಗಿದ್ದರೂ ಅರ್ಧ ಮಾರ್ಕ್ಸ್ ಕಮ್ಮಿ. ಎಲಿಜಬೆತ್ ಬ್ಯೂಟ್ನರ್ ಅವರ 'ಎಂಪೈರ್ ಫ್ಯಾಮಿಲೀಸ್' (2004) ಓದಿ, ಇದೆಲ್ಲ ವಿವರವಾಗಿದೆ. ಅಂದ್ರೆ ಬೋರ್ಡಿಂಗಿಗೆ ಕಟ್ಟಿದ ಫೀಸು ಬರೀ ಕಲಿಯೋಕಲ್ಲ, ಮರೆಯೋಕೂ ಹೌದು.

ವಿವಿಯನ್ ತಾಯಿ ಗರ್ಟ್ರೂಡ್ ಕೂಡ ಡಾರ್ಜಿಲಿಂಗಿನಲ್ಲೇ ಹುಟ್ಟಿದವರು, ತವರಿನ ಹೆಸರು ಯಾಕ್ಜಿ. ಆರ್ಮೇನಿಯನ್ ಅಥವಾ ಪಾರ್ಸಿ ರಕ್ತ ಇದ್ದಿರಬಹುದು ಅಂತಾರೆ. ಆಕೆ ಬಳಸುತ್ತಿದ್ದದ್ದು ತನ್ನ ತಾಯಿಯ ಕಡೆಯ ಹೆಸರು ರಾಬಿನ್‌ಸನ್ ಅನ್ನೂ. ಯಾಕಿರಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗೆ ನೋಡಿದ್ರೆ ಇದನ್ನ ಮುಚ್ಚುಮರೆಯಿಲ್ಲದೆ ಹೇಳಿದ್ದು ಮಕ್ಕಳ ಪುಸ್ತಕವೇ. ಫ್ರಾನ್ಸಿಸ್ ಹಾಜ್‌ಸನ್ ಬರ್ನೆಟ್‌ಳ 'ಎ ಲಿಟಲ್ ಪ್ರಿನ್ಸೆಸ್' (1905). ಇಂಡಿಯಾದಿಂದ ಬಂದ ಸಾರಾ ಕ್ರೂ ಶಾಲೆಗೇ ರಾಣಿ. ಹುಟ್ಟುಹಬ್ಬದ ದಿನವೇ ಅಪ್ಪ ಸತ್ತ, ದುಡ್ಡು ಮುಳುಗಿತು ಅಂತ ಸುದ್ದಿ ಬರುತ್ತೆ. ಅವತ್ತೇ ಅವಳನ್ನ ಅಟ್ಟಕ್ಕೆ ಹತ್ತಿಸಿ ಕೆಲಸಕ್ಕೆ ಹಚ್ತಾರೆ. ಅದೇ ಹುಡುಗಿ, ಅದೇ ಫ್ರೆಂಚು! ಆದರೆ ಚಿಕ್ಕಂದಿನಲ್ಲಿ ಕಣ್ಣೀರು ಹಾಕಿ ಓದಿದ ನನಗೆ ಆಗ ಕಾಣದೇ ಇದ್ದದ್ದು ಪಕ್ಕದ ಕೋಣೆಯ ಬೆಕಿ. ಪಾತ್ರೆ ತೊಳೆಯೋ ಹುಡುಗಿ. ಸಾರಾಗೆ ಸಂಪತ್ತು ವಾಪಸ್ ಬಂದಾಗ ಬೆಕಿಗೆ ಸಿಗೋ ಬಹುಮಾನ ಏನು? ಸಾರಾಳ ಸೇವಕಿ ಆಗೋದು. ಅವಳನ್ನ ಶಾಲೆಗೆ ಸೇರಿಸಬಹುದು ಅಂತ ಲೇಖಕಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಅಲ್ಲಿ ಮೆರಿಟ್ಟು ಇರಲೇ ಇಲ್ಲ ಅಂತಲ್ಲ. ಸರ್ಕಾರದ ಪೂರ್ತಿ ಅನುದಾನ ಬೇಕಾದರೆ ಕಾಲು ಭಾಗ ಸೀಟು ಬಡವರ ಶಾಲೆಗಳಿಂದ ಬಂದ ಮಕ್ಕಳಿಗೆ ಉಚಿತವಾಗಿ ಕೊಡಿ ಅಂತ 1907ರಲ್ಲಿ ನಿಯಮ ಬಂತು. ಆದರೆ ಅದು ಅನುದಾನ ಪಡೆಯೋ ಶಾಲೆಗಳ ಮಾತು. ಹಾಕಿ, ಲ್ಯಾಟಿನ್ನಿನ ದುಬಾರಿ ಬೋರ್ಡಿಂಗುಗಳಿಗೆ ಅದರ ಬಿಸಿ ತಟ್ಟಲಿಲ್ಲ.

ನಮ್ಮ ಜಾತಿಯನ್ನ ಸಮರ್ಥಿಸೋಕೆ ಇದನ್ನೆಲ್ಲ ಬರೀತಿದೀನಿ ಅಂತ ಯಾರೂ ಕಾಮೆಂಟ್ ಹಾಕಬೇಡಿ ದಯವಿಟ್ಟು. ನಮ್ಮದು ನಮಗೆ ಇದ್ದೇ ಇದೆ. ಅವರದ್ದನ್ನ ತೊಳೆದು ಫ್ರೇಮ್ ಹಾಕಿ ಗೋಡೆಗೆ ನೇತುಹಾಕಬೇಡಿ ಅಂತಷ್ಟೇ ನನ್ನ ಜಗಳ.

ಇನ್ನೊಂದು ವಿಷಯ. ಹೋದ ವರ್ಷ ಅಕ್ಕನ ಮಗಳನ್ನ ಇಲ್ಲೇ ಒಂದು ಶಾಲೆಗೆ ಸೇರಿಸಬೇಕಿತ್ತು. ಅರ್ಜಿಯಲ್ಲಿ ಅಪ್ಪನ ಡಿಗ್ರಿ, ಅಮ್ಮನ ಡಿಗ್ರಿ, ಇಬ್ಬರ ವರಮಾನ, ಆಮೇಲೆ 'ಮನೆಯಲ್ಲಿ ಮಾತಾಡುವ ಭಾಷೆ'. ಭಾವ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಕನ್ನಡ ಕನ್ನಡ ಅಂತ ಇಲ್ಲಿ ಬರ್ಕೊಂಡು ಕೂರೋ ನಾನು, "ಇಂಗ್ಲಿಷ್ ಅಂತ ಹಾಕಿಬಿಡಿ ಭಾವ, ಸುಮ್ನೆ ರಿಸ್ಕ್ ಯಾಕೆ" ಅಂದೆ. ಸೀಟು ಸಿಕ್ಕಿತು.

ಕ್ಯಾಂಟೀನಿನಲ್ಲಿ ಆ ಗೆಳೆಯನಿಗೆ ಇದೊಂದನ್ನ ಬಿಟ್ಟು ಉಳಿದದ್ದೆಲ್ಲ ಹೇಳಿದೆ.