ಕಾಪುವಿನ ದೀಪ, ಗಾರ್ಡೆಲ್‌ನ ಹಾಡು

ಕಳೆದ ಭಾನುವಾರ ಸಂಜೆ ಕಾಪು ಬೀಚಿನ ಬಂಡೆ ಮೇಲೆ ಕೂತು ಒಂದೇ ಹಾಡನ್ನು ಆರು ಸಲ ಕೇಳಿದೆ. ಸ್ಪ್ಯಾನಿಷ್ ಹಾಡು. ನನಗೆ ಆ ಭಾಷೆ ಬರಲ್ಲ, ಮೊಬೈಲಲ್ಲೇ ಅನುವಾದಕ್ಕೆ ಹಾಕಿ ಅರ್ಥ ಮಾಡಿಕೊಂಡದ್ದು. ಹೆಸರು 'ವೋಲ್ವೆರ್', ಅಂದರೆ ಮರಳುವುದು. 1935ರ ಸಿನಿಮಾವೊಂದರಲ್ಲಿ ಕಾರ್ಲೋಸ್ ಗಾರ್ಡೆಲ್ ಹಾಡಿದ ಟ್ಯಾಂಗೋ. ಬರೆದವನು ಆಲ್ಫ್ರೆಡೊ ಲೆ ಪೆರಾ. ಅದೇ ವರ್ಷ ಜೂನಿನಲ್ಲಿ ಇಬ್ಬರೂ ಒಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಹಾಡು ಶುರುವಾಗುವುದೇ ದೂರದ ದೀಪಗಳಿಂದ. ಎಷ್ಟೋ ವರ್ಷದ ನಂತರ ಊರಿಗೆ ಬರುವವನಿಗೆ ಅವು ಕಾಣುತ್ತವೆ. ಖುಷಿಗಿಂತ ಹೆಚ್ಚು ಹೆದರಿಕೆ ಅವನಿಗೆ. ನಾನು ತಲೆಯೆತ್ತಿದರೆ ಮೇಲೆ 1901ರ ನಮ್ಮ ದೀಪಸ್ತಂಭ.

ಟ್ಯಾಂಗೋ ಅಂದರೆ ಡ್ಯಾನ್ಸ್, ಕೆಂಪು ಗೌನು, ಇಷ್ಟೇ ಅಂದುಕೊಂಡಿದ್ದೆ ಮಾರಾಯ್ರೆ. ಆದರೆ 1917ರಲ್ಲಿ ಗಾರ್ಡೆಲ್ 'ಮಿ ನೊಚೆ ತ್ರಿಸ್ತೆ' ಹಾಡಿದ ಮೇಲೆ ಅದು ಕಳೆದುಹೋದ ಪ್ರೀತಿಯ ಕಥೆ ಹೇಳುವ ಹಾಡೂ ಆಯಿತು. ಪಾಸ್ಕುವಾಲ್ ಕೊಂತುರ್ಸಿ ಬರೆದ ಆ ಹಾಡಲ್ಲಿ ಹುಡುಗಿ ಬಿಟ್ಟುಹೋಗಿದ್ದಾಳೆ. ಉಳಿದಿರುವುದು ಅವನ ಕೋಣೆ: ಗಿಟಾರು, ಕನ್ನಡಿ, ದೀಪ. ಆಗಿನ ಬ್ಯೂನಸ್ ಐರಿಸ್ ತುಂಬ ಇಟಲಿ, ಸ್ಪೇನ್‌ನಿಂದ ಹಡಗು ಹತ್ತಿ ಬಂದ ಗಂಡಸರು, ಬಾಡಿಗೆ ಕೋಣೆಗಳು. ನಮ್ಮೂರಿಂದ ಬೊಂಬಾಯಿ ಹೋಟೆಲಿಗೆ ಹೋದ ಮಾಣಿಗಳ ನೆನಪಾಯಿತು. ಟ್ಯಾಂಗೋದ ಬ್ಯಾಂಡೋನಿಯನ್ ಕೂಡ ವಲಸೆ ಬಂದದ್ದೇ, ಜರ್ಮನಿಯಿಂದ. ನಮ್ಮ ಹಾರ್ಮೋನಿಯಂನ ದಾಯಾದಿ ಅದು. ಎರಡರಲ್ಲೂ ಗಾಳಿ ಒತ್ತಿದಾಗ ಲೋಹದ ಪಟ್ಟಿ ಅದುರಿ ಸ್ವರ ಬರುತ್ತದೆ.

ನಾವೂ ವಿರಹ ಕೇಳಿ ಬೆಳೆದವರೇ. ಯಕ್ಷಗಾನದಲ್ಲಿ ಕಾಡಿನ ನಡುವೆ ದಮಯಂತಿ ಅಳುವಾಗ ಅಜ್ಜಿಯ ಮಡಿಲಲ್ಲಿ ನಾನೂ ಅತ್ತದ್ದುಂಟು. ಆದರೆ ಅಲ್ಲಿ ಒಂದು ಧೈರ್ಯ ಇತ್ತು, ಆಟ ಮುಗಿಯುವುದರೊಳಗೆ ನಳ ಬಂದೇ ಬರುತ್ತಾನೆ. ಟ್ಯಾಂಗೋದಲ್ಲಿ ಆ ಧೈರ್ಯ ಇಲ್ಲ.

ಇಲ್ಲಿ ನನ್ನ ವಿಷಯ ಹೇಳಲೇಬೇಕು. ಆರು ವರ್ಷದ ಹಿಂದೆ ಕೆಲಸಕ್ಕೆ ಬೆಂಗಳೂರಿಗೆ ಹೊರಟಾಗ ಮಣಿಪಾಲದ ಬಸ್‌ಸ್ಟ್ಯಾಂಡಲ್ಲಿ ಅವಳಿಗೆ "ಒಂದೇ ವರ್ಷ" ಅಂದಿದ್ದೆ. ಆಮೇಲೆ ರಿಲೀಸ್, ಆನ್‌ಕಾಲ್, ಆನ್‌ಸೈಟ್. ಅವಳ ಮೆಸೇಜುಗಳು ಚಿಕ್ಕದಾಗುತ್ತಾ ಹೋದದ್ದು ಕಂಡಿತ್ತು, ಕಾಣದವನ ಹಾಗೆ ಇದ್ದೆ. ಈಗ ನಾನು ಮಣಿಪಾಲಕ್ಕೆ ವಾಪಸ್ ಬಂದಿದ್ದೇನೆ. ಅವಳಿಗೆ ಮದುವೆಯಾಗಿ ಎರಡು ವರ್ಷ. ಇಷ್ಟು ದಿನ ಬೇಸರದ ಹಾಡು ಯಾವುದು ಕೇಳಿದರೂ ಕಾಡಲ್ಲಿ ಒಂಟಿಯಾದವನು ನಾನೇ ಅನ್ನಿಸುತ್ತಿತ್ತು. 'ವೋಲ್ವೆರ್' ಹಾಡುತ್ತಿರುವವನು ಮರಳಿ ಬರುತ್ತಿರುವವನು, ಅಂದರೆ ಹಿಂದೆ ಹೊರಟುಹೋದವನು. ಅದು ಗೊತ್ತಾಗಲು ನನಗೆ ಆರು ಸಲ ಬೇಕಾಯಿತು. ದಮಯಂತಿ ನಿದ್ದೆಯಲ್ಲಿದ್ದಾಗ ಎದ್ದು ಹೋದವನು ನಳ ತಾನೇ?

ರಾತ್ರಿ ಕಾರ್ಕಳದ ಮನೆಗೆ ಬಂದೆ. ಅಜ್ಜ ಬೊಂಬಾಯಿ ಹೋಟೆಲಲ್ಲಿದ್ದ ಕಾಲದಲ್ಲಿ ಅಜ್ಜಿ ಈ ಮನೆಯ ಚಾವಡಿಯಲ್ಲೇ ಪೋಸ್ಟ್‌ಮ್ಯಾನ್‌ಗೆ ಕಾದದ್ದು. ಅವರಿಗೂ ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಎಂತ ಹೇಳ್ತಾನೆ ಅವ?"

"ತುಂಬ ವರ್ಷ ಆದ ಮೇಲೆ ಊರಿಗೆ ಬರ್ತಾ ಇದ್ದಾನೆ ಅಜ್ಜಿ."

"ಅಷ್ಟು ವರ್ಷ ಕಾಗದ ಹಾಕ್ತಾ ಇದ್ದನಾ?"